ನೊರೆ ಹಚ್ಚಿದವರಿಗೆ ಮಾತಿಲ್ಲ

ಆ ಬುಧವಾರ ಬೆಳಿಗ್ಗೆ ಮಾದೇವನ ಕಟಿಂಗ್ ಶಾಪಿನಲ್ಲಿ ನಾವು ನಾಲ್ಕು ಜನ ಇದ್ದೆವು. ಅಂಗಡಿಯ ಒಡೆಯ ಮಾದೇವ ಬಟ್ಟಲಿನಲ್ಲಿ ಬ್ರಷ್ಷು ತಿರುಗಿಸುತ್ತ ನಿಂತಿದ್ದ. ಗೋಡೆ ಬದಿಯ ಬೆಂಚಿನ ಮೇಲೆ ಬೈಲಕುಪ್ಪೆ ಕ್ಯಾಂಪಿನ ದೋರ್ಜಿ ಕುಳಿತಿದ್ದರು. ಮಳೆಗಾಲದಲ್ಲಿ ಮುಸುಕಿನ ಜೋಳ ಬೆಳೆದು, ಚಳಿಗಾಲದಲ್ಲಿ ಊರೂರು ತಿರುಗಿ ಸ್ವೆಟರ್ ಮಾರುವ ಟಿಬೆಟಿನವರು. ಅವರ ಪಕ್ಕದಲ್ಲಿ ಕಾಡಂಚಿನ ಗಿರಿಜನ ಹಾಡಿಯ ಬೊಮ್ಮಣ್ಣ. ಅವನು ಕೋರ್ಟಿನ ವಾಯಿದೆ ಇರುವ ದಿನ ಮಾತ್ರ ಗಡ್ಡ ತೆಗೆಸಲು ಬರುತ್ತಾನೆ. ವಾಯಿದೆಗಳು ಪದೇ ಪದೇ ಬೀಳುವುದರಿಂದ ಅವನ ಮುಖ ಸದಾ ನುಣ್ಣಗಿರುತ್ತದೆ. ನಾಲ್ಕನೆಯವನು ನಾನು. ಪಿರಿಯಾಪಟ್ಟಣದ ಸುತ್ತಮುತ್ತಲ ಹೈಸ್ಕೂಲುಗಳಲ್ಲಿ ಮೂವತ್ತು ಚಿಲ್ಲರೆ ವರ್ಷ ಸಮಾಜ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದ ಮೇಷ್ಟ್ರು. ಮಾದೇವ ನನ್ನ ಹಳೆಯ ವಿದ್ಯಾರ್ಥಿ. ಅವತ್ತು ಅವನ ಅಂಗಡಿಯ ಹೊಸ ಕುರ್ಚಿಯಲ್ಲಿ, ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಸಿಕೊಂಡು, ಪಟ್ಟಾಭಿಷೇಕಕ್ಕೆ ಕೂತವನ ಹಾಗೆ ಕೂತಿದ್ದೆ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸರ್ಕಾರವನ್ನು ಹೇಗೆ ನಡೆಸಬೇಕು ಎಂಬುದು ನನಗೆ ಚೆನ್ನಾಗಿ ಗೊತ್ತು. ಸರ್ಕಾರಕ್ಕೆ ಈ ವಿಷಯ ಇನ್ನೂ ತಿಳಿದಿಲ್ಲ, ಅಷ್ಟೇ. ಪೌರನೀತಿ ಪಾಠ ಮಾಡುತ್ತಿದ್ದಾಗ ಎದುರಿಗೆ ಐವತ್ತು ಮಕ್ಕಳು ಕೂತಿರುತ್ತಿದ್ದರು, ಗಂಟೆ ಹೊಡೆಯುವವರೆಗೆ ಎದ್ದುಹೋಗುವ ಹಾಗಿರಲಿಲ್ಲ. ನಿವೃತ್ತಿಯಾದ ಮೇಲೆ ಅಂಥ ಸಭಿಕರು ಎಲ್ಲಿ ಸಿಗುತ್ತಾರೆ? ಮನೆಯಲ್ಲಿ ಒಂದೆರಡು ಸಲ ಪ್ರಯತ್ನಿಸಿದೆ. ನನ್ನಾಕೆ ಹುರುಳಿಕಾಯಿ ನಾರು ಬಿಡಿಸುತ್ತ, "ನಂಗೆ ಓಟು ಹಾಕೋಕೆ ಬರುತ್ತೆ ಕಣ್ರೀ, ಮಿಕ್ಕಿದ್ದು ನಿಮ್ಮ ಫ್ರೆಂಡ್ಸಿಗೆ ಹೇಳಿ" ಎಂದಳು. ಹೀಗೆ ನಾನು ಮಾದೇವನ ಅಂಗಡಿಗೆ ವಲಸೆ ಬಂದವನು. ಮಂಗಳವಾರ ಅಂಗಡಿಗೆ ರಜೆ. ಆದ್ದರಿಂದ ಬುಧವಾರದ ಹೊತ್ತಿಗೆ ಎರಡು ದಿನದ ಗಡ್ಡ, ಎರಡು ದಿನದ ಮಾತು ಎರಡೂ ಬೆಳೆದಿರುತ್ತಿದ್ದವು.

ಮಾತನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಅಜ್ಜಿಯಿಂದ. ಓದು ಬರಹ ಬಾರದ ಹೆಂಗಸು. ಆದರೆ ಜಗಲಿಯ ಮೇಲೆ ಕೂತು ಊರಿನ ಒಂದು ಜಗಳವನ್ನು ಹೇಳಲು ಶುರುಮಾಡಿದರೆ ಬಾವಿಗೆ ನೀರಿಗೆ ಹೊರಟವರು ಕೊಡ ಇಳಿಸಿ ನಿಲ್ಲುತ್ತಿದ್ದರು. ಮಾತಿನ ನಡುನಡುವೆ ಅಜ್ಜಿ ನಿಲ್ಲಿಸಿ, ಎಲೆಯ ತೊಟ್ಟು ಮುರಿದು, ಸುಣ್ಣ ಸವರಿ, ಅಡಿಕೆ ಹಾಕಿ ಮಡಿಸಿ ಬಾಯಿಗಿಡುತ್ತಿದ್ದಳು. ಆ ಹೊತ್ತಿನಲ್ಲಿ ಬೇರೆಯವರು ಏನು ಹೇಳುತ್ತಾರೋ ಕೇಳಿಸಿಕೊಳ್ಳುತ್ತಿದ್ದಳು. ನಾನು ಅಜ್ಜಿಯ ಮಾತನ್ನು ಕಲಿತೆ. ಎಲೆ ಅಡಿಕೆ ಹಲ್ಲು ಕೆಡಿಸುತ್ತದೆಂದು ಬಿಟ್ಟುಬಿಟ್ಟೆ.

ಮಾದೇವನ ಅಂಗಡಿಯಲ್ಲಿ ಒಂದು ಕಾನೂನಿದೆ. ನೊರೆ ಹಚ್ಚಿದವರಿಗೆ ಮಾತಿಲ್ಲ. ಇದು ನನ್ನಿಂದಲೇ ಹುಟ್ಟಿದ ಕಾನೂನು. ಹಲವು ವರ್ಷದ ಹಿಂದೆ ಹೆಂಡದ ಮೇಲಿನ ಸುಂಕ ಹೆಚ್ಚಿಸಬೇಕೋ ಬೇಡವೋ ಎಂಬ ಚರ್ಚೆ ನಡೆದಿತ್ತು. ಬೆಂಚಿನ ಮೇಲಿದ್ದ ಯಾರೋ ಒಬ್ಬರು ತಪ್ಪು ಅಂಕಿ ಹೇಳಿದರು. ನಾನು ತಿದ್ದಲೆಂದು ತಟ್ಟನೆ ತಿರುಗಿದೆ, ಕತ್ತಿ ತಿರುಗಲಿಲ್ಲ. ಗಲ್ಲದ ಕೆಳಗೆ ಈಗಲೂ ಅದರ ಗುರುತಿದೆ. ಅವತ್ತು ರಕ್ತಕ್ಕೆ ಪಟಿಕದ ತುಂಡು ಒತ್ತುತ್ತ ಮಾದೇವ ಅಳುವ ದನಿಯಲ್ಲಿ, "ಇನ್ಮ್ಯಾಲೆ ನೊರೆ ಅಚ್ಚುದ್ ಮ್ಯಾಲೆ ಯಾರೂ ಬಾಯ್ ಬುಡಂಗಿಲ್ಲ ಸಾ, ನೀವಾದ್ರೂ ಅಷ್ಟೇ, ಮಂತ್ರಿ ಬಂದ್ರೂ ಅಷ್ಟೇ" ಎಂದ. ಅಂದಿನಿಂದ ಈ ಕಾನೂನು ತಿದ್ದುಪಡಿಯಿಲ್ಲದೆ ನಡೆದುಬಂದಿದೆ. ಇದರ ಲಾಭ ಪಡೆಯಲು ಬೆಂಚಿನವರು ಬೇಗ ಕಲಿತರು. ನಾನು ಮಾತಾಡುವಾಗೆಲ್ಲ ಸುಮ್ಮನಿದ್ದು, ನನ್ನ ಕೆನ್ನೆಗೆ ನೊರೆ ಏರಿದ ಮರುಕ್ಷಣ ಒಬ್ಬೊಬ್ಬರಾಗಿ ಉತ್ತರ ಕೊಡುತ್ತಿದ್ದರು. ನಾನು ಕನ್ನಡಿಯಲ್ಲಿ ಅವರನ್ನು ನೋಡುತ್ತ ಕಣ್ಣಲ್ಲೇ ಖಂಡಿಸುತ್ತಿದ್ದೆ.

ಚರ್ಚೆಯ ವಿಷಯಗಳಿಗೆ ಬರವಿರಲಿಲ್ಲ. ತೆರಿಗೆಯ ವಿಷಯದಲ್ಲಿ ನನ್ನ ನಿಲುವು ಸ್ಪಷ್ಟ: ನನ್ನ ಪಿಂಚಣಿಯಲ್ಲಿ ಹಿಡಿಯುತ್ತಾರೆ, ಆದ್ದರಿಂದ ದೇಶ ನನ್ನ ಮೇಲೆ ನಿಂತಿದೆ. ಪುಕ್ಕಟೆ ಅಕ್ಕಿ, ಪುಕ್ಕಟೆ ಬಸ್ಸು ಇವುಗಳ ಬಗ್ಗೆ: ಕೊಡಲಿ, ಆದರೆ ಅರ್ಹರಿಗೆ ಮಾತ್ರ. ಅರ್ಹರು ಯಾರು ಎಂದು ಗೊತ್ತುಮಾಡಲು ನನ್ನಂಥವರನ್ನು ಕೇಳಬೇಕು. ವಲಸೆಯ ಬಗ್ಗೆ ಮಾತು ಬಂದಾಗ ಕೊಡಗಿನ ತೋಟಗಳಿಗೆ ಲಾರಿ ತುಂಬಿ ಬರುವ ದೂರದ ರಾಜ್ಯದ ಕೂಲಿಗಳನ್ನು ನೆನೆದು, "ಬಂದವರೆಲ್ಲ ಯಾರು, ಎಲ್ಲಿಯವರು, ಕಾಗದ ಪತ್ರ ಇದೆಯೋ ಇಲ್ಲವೋ, ಕಟ್ಟುನಿಟ್ಟಾಗಿ ನೋಡಬೇಕು" ಎಂದು ಗುಡುಗುತ್ತಿದ್ದೆ. ಹಾಗೆ ಗುಡುಗಿದ ಮೇಲೆ ದೋರ್ಜಿಯವರ ಕಡೆ ತಿರುಗಿ, "ನಿಮ್ಮನ್ನಲ್ಲ ದೋರ್ಜಿ, ನೀವು ನಮ್ಮೋರೇ" ಎನ್ನುವುದು ನನ್ನ ವಾಡಿಕೆ. ಅವರು ಪ್ರತಿಸಲವೂ ನಕ್ಕು, "ಆಗ್ಲಿ ಬುಡಿ ಮೇಷ್ಟ್ರೇ, ನಾನು ಉಟ್ಟಿದ್ದೇ ಈ ಕ್ಯಾಂಪಲ್ಲಿ. ಆದ್ರೂ ‘ನಾನಿಲ್ಲೇ ಇವ್ನಿ’ ಅಂತ ಪೊಲೀಸ್ನೋರ್ ತಾವ ಬುಕ್ಕು ತಕ್ಕೊಂಡೋಗಿ ಸೀಲ್ ಆಕುಸ್ಕೊಂಡ್ ಬತ್ತಾನೇ ಇವ್ನಿ" ಎನ್ನುತ್ತಿದ್ದರು. ಹಕಾರವನ್ನು ನುಂಗುವುದರಲ್ಲಿ ನಮ್ಮೂರಿನವರೂ ಅವರ ಸಮಕ್ಕೆ ಬರುವುದಿಲ್ಲ. ಅಪರಾಧ, ಶಿಕ್ಷೆ ಎಂದರಂತೂ ನಾನು ಬಹಳ ಕಠಿಣ. ತಪ್ಪು ಮಾಡಿದವನಿಗೆ ತಕ್ಷಣ ಶಿಕ್ಷೆಯಾಗಬೇಕು, ಸಣ್ಣದು ದೊಡ್ಡದು ಎಂದು ನೋಡಬಾರದು. ಒಣಗಿ ಬಿದ್ದ ಒಂದು ತುಂಡನ್ನು ಕಾಡಿನಿಂದ ಹೊತ್ತು ತಂದ ಕೇಸಿನಲ್ಲಿ ಅಲೆಯುತ್ತಿದ್ದ ಬೊಮ್ಮಣ್ಣ ಒಮ್ಮೆ ತಣ್ಣಗೆ, "ತಕ್ಸಣ ಮಾಡ್ಸಿ ಸಾ, ನಿಮ್ ಕಾಲಿಗ್ ಬೀಳ್ತೀನಿ. ಕೇಸ್ ಆದ್ ವರ್ಸ ನನ್ ಮಗ್ಳು ಉಟ್ಟುದ್ಲು. ಅವ್ಳು ಮದ್ವೆಯಾಗಿ ಗಂಡನ್ ಮನ್ಗೆ ಒಂಟೋದ್ಲು, ಕೇಸು ಇನ್ನೂ ತೊಟ್ಲಲ್ಲೇ ಮಲ್ಗದೆ" ಎಂದ. ಅಂಗಡಿಯೆಲ್ಲ ನಕ್ಕಿತು. ನನಗೆ ನೊರೆ ಹಚ್ಚಿದ್ದರಿಂದ ಉತ್ತರ ಕೊಡುವ ಸಂಕಟ ತಪ್ಪಿತು.

ಈಗ ಆ ಹೊಸ ಕುರ್ಚಿಯ ವಿಷಯ. ಅಂಗಡಿಯಲ್ಲಿ ಮೊದಲು ಇದ್ದದ್ದು ಮಾದೇವನ ಅಪ್ಪನ ಕಾಲದ ಮರದ ಕುರ್ಚಿ. ತಲೆ ಒರಗಿಸುವ ಹಲಗೆಗೆ ಎರಡು ತೂತು, ಅದರೊಳಗೆ ಒಂದು ಗೂಟ. ಗಿರಾಕಿ ಎತ್ತರವಾಗಿದ್ದರೆ ಗೂಟ ಮೇಲಕ್ಕೆ, ಕುಳ್ಳಾಗಿದ್ದರೆ ಕೆಳಕ್ಕೆ. ಬಸ್ ಸ್ಟ್ಯಾಂಡ್ ಕಡೆ ಗಾಜಿನ ಬಾಗಿಲಿನ ಸೆಲೂನೊಂದು ಬಂದ ಮೇಲೆ ಹುಡುಗರೆಲ್ಲ ಅತ್ತ ಹೋದರು. ಮಾದೇವ ಸಪ್ಪಗಾದ. ಕಾಲಿನಲ್ಲಿ ಒತ್ತಿದರೆ ಏರುವ, ಹಿಂದಕ್ಕೆ ಬಾಗುವ ಕುರ್ಚಿ ತರಿಸಬೇಕೆಂದು ಸಲಹೆ ಕೊಟ್ಟವನು ನಾನು. ಬ್ಯಾಂಕಿನಲ್ಲಿ ಸಾಲ ಕೇಳು ಎಂದವನೂ ನಾನೇ. ಬ್ಯಾಂಕಿನವರು ಆದಾಯ ತೆರಿಗೆಯ ರಿಟರ್ನು ತನ್ನಿ ಎಂದರು. ಮಾದೇವ ನನ್ನ ಮನೆ ಬಾಗಿಲಿಗೆ ಬಂದು, "ಸಾ, ಅದೇನೋ ರಿಟನ್ ಅಂತೆ, ನಂಗೆ ಓಗಕ್ಕೂ ದಾರಿ ಗೊತ್ತಿಲ್ಲ" ಎಂದು ನಿಂತ.

ಹಳೆಯ ವಿದ್ಯಾರ್ಥಿ ಬಂದು ಅರ್ಜಿ ತುಂಬಿಕೊಡಿ ಎಂದರೆ ಮೇಷ್ಟ್ರಿಗೆ ಆಗುವ ಸುಖ ಏನೆಂದು ಮೇಷ್ಟ್ರಾದವರಿಗೇ ಗೊತ್ತು. ಕನ್ನಡಕ ಒರೆಸಿಕೊಂಡೆ. ಒಳ್ಳೆಯ ಪೆನ್ನು ತೆಗೆದೆ. ಕಂಪ್ಯೂಟರ್ ಅಂಗಡಿಯ ಹೆಣ್ಣುಮಗಳಿಗೆ ಕೊಡಬೇಕಾದ ವಿವರಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯುತ್ತ ವರ್ಷದ ಆದಾಯ ಎಂಬಲ್ಲಿಗೆ ಬಂದೆ. ಮಾದೇವ ಒಂದು ಮೊತ್ತ ಹೇಳಿದ. ನನಗೆ ಅದು ತೀರ ಬಡಕಲು ಅನ್ನಿಸಿತು. ಬ್ಯಾಂಕಿನವರು ನೋಡಿ ಮೂಗು ಮುರಿದಾರು. ಅವನ ಗಿರಾಕಿಗಳ ಮೀಸೆಯನ್ನು ಅವನು ಒಂಚೂರು ತಿದ್ದುತ್ತಾನಲ್ಲ, ಹಾಗೆ ನಾನು ಆ ಮೊತ್ತವನ್ನು ಒಂಚೂರು ತಿದ್ದಿದೆ. "ಇಷ್ಟೆಲ್ಲಾ ಎಲ್ ಬತ್ತದೆ ಸಾ?" ಎಂದ. "ಸುಮ್ನಿರೋ, ತೆರಿಗೆ ಏನೂ ಬೀಳಲ್ಲ. ನೀನೂ ಇನ್ನು ಮುಂದೆ ದೇಶದ ಲೆಕ್ಕಕ್ಕೆ ಬರೋ ಪ್ರಜೆ" ಎಂದೆ. ಸಾಲ ಬಂತು, ಕುರ್ಚಿ ಬಂತು. ಪೂಜೆ ಮಾಡಿ ನಿಂಬೆಹಣ್ಣು ತುಳಿಸಿದ ಮೇಲೆ ಮೊದಲು ಕೂರಿಸಿದ್ದು ನನ್ನನ್ನೇ. ಮರದ ಕುರ್ಚಿಯನ್ನು ಮೂಲೆಗೆ ಸರಿಸಿ, ಅವಸರವಿಲ್ಲದ ಮುದುಕರಿಗೆಂದು ಇಟ್ಟ.

ಇಷ್ಟು ಹಿನ್ನೆಲೆ ಹೇಳಿದ ಮೇಲೆ ಮತ್ತೆ ಆ ಬುಧವಾರಕ್ಕೆ ಬರುತ್ತೇನೆ. ಅನರ್ಹರ ಬಿಪಿಎಲ್ ಕಾರ್ಡು ರದ್ದಾಗುತ್ತಿದೆ ಎಂಬ ಸುದ್ದಿ ಪೇಪರಿನಲ್ಲಿತ್ತು. ನನಗೆ ಹಬ್ಬವಾಯಿತು. "ಆಗ್ಲೇಬೇಕು ಕಣಯ್ಯ. ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕೋ ಅಂಥವನ ಮನೆಗೆ ಪುಕ್ಕಟೆ ಅಕ್ಕಿ ಯಾಕೆ? ಕಾರ್ಡ್ ಕಿತ್ಕೊಂಡ್ರೆ ಸಾಲ್ದು. ಸರ್ಕಾರಕ್ಕೆ ಸುಳ್ಳು ಬರ್ದುಕೊಟ್ಟಿರ್ತಾರಲ್ಲ, ಅವರನ್ನ ಹಿಡಿದು ಒಳಗೆ ಹಾಕ್ಬೇಕು. ಆಗ ಬುದ್ಧಿ ಬರುತ್ತೆ" ಎಂದೆ. ಬೊಮ್ಮಣ್ಣ ಬಾಗಿಲ ಹೊರಗೆ ನೋಡುತ್ತಿದ್ದ. ಮಾದೇವ ಮಾತ್ರ ಎಂದಿಗಿಂತ ಬೇಗ ಬ್ರಷ್ಷು ಎತ್ತಿಕೊಂಡು, ಎರಡು ಕೆನ್ನೆ, ಗಲ್ಲ, ಮೀಸೆಯ ಜಾಗ, ತುಟಿಯ ಅಂಚಿನವರೆಗೂ ದಟ್ಟವಾಗಿ ನೊರೆ ಹಚ್ಚಿಬಿಟ್ಟ.

ಆಗ ದೋರ್ಜಿ ಎದ್ದು ಬಂದು ನನ್ನ ಕುರ್ಚಿಯ ಹಿಂದೆ ನಿಂತರು. ಕನ್ನಡಿಯಲ್ಲಿ ಅವರ ಮುಖ ಕಾಣುತ್ತಿತ್ತು.

"ಮಾದೇವ, ಇಸ್ಯ ನೀನ್ ಏಳ್ತೀಯೋ ನಾನ್ ಏಳ್ಲೋ?"

"ಬ್ಯಾಡ ಬುಡಿ ದೋರ್ಜಣ್ಣ."

"ಮೇಷ್ಟ್ರೇ, ಈಗ ನೀವು ಮಾತಾಡಂಗಿಲ್ಲ, ಅದ್ಕೇ ಈಗ್ಲೇ ಏಳ್ತೀನಿ. ಮಾದೇವನ್ ಕಾರ್ಡು ಒಂಟೋಗಿ ಮೂರ್ ತಿಂಗ್ಳಾಯ್ತು. ತಾಯಮ್ಮ ಸೊಸೈಟಿಗ್ ಓಗಿ ಎಬ್ಬೆಟ್ಟು ಒತ್ತುದ್ರೆ, ನೀವು ಟ್ಯಾಕ್ಸಿನೋರು, ಅಕ್ಕಿ ಇಲ್ಲ ಅಂತದಂತೆ ಮಿಷನ್ನು. ಅಕ್ಕಿ ಓಗ್ಲಿ. ಮೈಸೂರಲ್ಲಿ ಸೊಂಟದ್ ಕೀಲು ಬದ್ಲಾಯ್ಸಕ್ಕೆ ಅವ್ರ ಪಾಳಿ ಬಂದಿತ್ತು. ಕಾರ್ಡಿದ್ರೆ ಪುಕ್ಕಟೆ. ಕಾರ್ಡಿಲ್ಲ ಅಂತ ವಾಪಸ್ ಕಳ್ಸವ್ರೆ. ಅಲ್ಲೀಗಂಟ ಓಗಿ ಗೇಟಿಂದ ವಾಪಸ್ ಬಂದವ್ರೆ ಆ ಯಮ್ಮ."

ತಾಯಮ್ಮ ಮಾದೇವನ ತಾಯಿ. ಅಂಗಡಿಯ ಹಿಂದಿನ ಬೀದಿಯಲ್ಲೇ ಮನೆ. ಒಂದೂವರೆ ವರ್ಷದಿಂದ ಅವರು ಒಂದು ಪ್ಲಾಸ್ಟಿಕ್ ಸ್ಟೂಲನ್ನು ಮುಂದಕ್ಕೆ ತಳ್ಳಿ, ಅದರ ಮೇಲೆ ಎರಡು ಕೈ ಊರಿ, ಒಂದು ಹೆಜ್ಜೆ ಇಟ್ಟು, ಮತ್ತೆ ತಳ್ಳಿ, ಹೀಗೆ ಬೀದಿಯಲ್ಲಿ ಬರುವುದನ್ನು ನಾನೇ ನೋಡಿದ್ದೆ. ನೋಡಿ, ಮುದುಕರಿಗೆ ಸರ್ಕಾರ ಏನು ಮಾಡಬೇಕು ಎಂಬುದರ ಬಗ್ಗೆ ಈ ಅಂಗಡಿಯಲ್ಲಿ ಅರ್ಧ ಗಂಟೆ ಮಾತಾಡಿಯೂ ಇದ್ದೆ.

ಮಾದೇವ ಕತ್ತಿ ಹಿಡಿದು ಗಂಟಲಿನಿಂದ ಗಲ್ಲದ ಕಡೆಗೆ ಎಳೆಯತೊಡಗಿದ. ಹಳೆಯ ಗುರುತಿನ ಹತ್ತಿರ ಬಂದಾಗ ಎಂದಿನಂತೆ ಕತ್ತಿಯನ್ನು ಸ್ವಲ್ಪ ಹಗುರ ಮಾಡಿದ. ಮುಖ ಒರೆಸಿ, ಪಟಿಕ ಸವರಿದ ಮೇಲೆ ಕಾನೂನಿನ ಪ್ರಕಾರ ನನಗೆ ಮಾತಾಡುವ ಹಕ್ಕು ಬಂತು. "ಯಾಕೋ ಮಾದೇವ, ನಂಗೆ ಒಂದು ಮಾತು ಹೇಳ್ಬಾರ್ದಾಗಿತ್ತಾ?" ಎಂದೆ.

"ಎಂಗೇಳದು ಸಾ? ನೀವು ಪ್ರೀತಿಯಿಂದ ಬರ್ದಿದ್ರಿ" ಎಂದು ಬಿಳಿ ಬಟ್ಟೆ ಕೊಡವಿದ.

ಅಲ್ಲಿಂದ ಸೀದಾ ತಾಯಮ್ಮನ ಮನೆಗೆ ಹೋದೆ. ಆಕೆ ಬಾಗಿಲಲ್ಲಿ ಆ ಸ್ಟೂಲಿನ ಮೇಲೆಯೇ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ನನ್ನನ್ನು ಕಂಡು ಏಳಲು ಹೋದವರನ್ನು ತಡೆದೆ. "ಬನ್ನಿ ಮೇಷ್ಟ್ರೇ, ಸಾವ್ಕಾರ್ತಿ ಮನ್ಗೆ ಬನ್ನಿ" ಎಂದರು. "ಈ ವಯಸ್ನಲ್ಲಿ ಸಾವ್ಕಾರ್ತಿ ಆದೆ ನೋಡಿ. ನನ್ ಗಂಡ ಇದ್ದಿದ್ರೆ ಎಷ್ಟ್ ಸಂತೋಸ ಪಡ್ತಿದ್ರೋ. ದುಡ್ಡು ಎಲ್ ಮಡ್ಗವ್ರೆ ಅಂತ ಮಾತ್ರ ಯಾರೂ ಏಳ್ತಿಲ್ಲ." ನನ್ನ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಒಂದು ಲೋಟ ಕಾಫಿ ಕೊಡಿಸಿದರು, ಸಕ್ಕರೆ ಮುಂದಾಗಿ. ಅದನ್ನು ಕುಡಿದು ಮುಗಿಸುವುದು ನನ್ನ ಆಯುಷ್ಯದಲ್ಲಿ ನಾನು ಮಾಡಿದ ಕಷ್ಟದ ಕೆಲಸಗಳಲ್ಲಿ ಒಂದು.

ಮನೆಗೆ ಬಂದು ನನ್ನಾಕೆಗೆ ಎಲ್ಲ ಹೇಳಿದೆ. ಕಾರ್ಡು ವಾಪಸು ಬರಬೇಕಾದರೆ, ಆ ಆದಾಯ ನಿಜವಲ್ಲ, ಹೆಚ್ಚಿಸಿ ಬರೆದವನು ನಾನು ಎಂದು ಕಚೇರಿಯಲ್ಲಿ ಬರೆದುಕೊಡಬೇಕು. ಸುಳ್ಳು ಬರೆದುಕೊಟ್ಟವರನ್ನು ಒಳಗೆ ಹಾಕಬೇಕೆಂದು ಬೆಳಿಗ್ಗೆ ತಾನೇ ತೀರ್ಪು ಕೊಟ್ಟು ಬಂದಿದ್ದೆ. ನನ್ನಾಕೆ, "ಬರ್ಕೊಡಿ. ಒಳಗೆ ಹಾಕಿದ್ರೆ ದೋರ್ಜಿ ಅವರ ಹತ್ರ ಒಂದು ಸ್ವೆಟರ್ ತಗೊಂಡು ಕಳಿಸ್ತೀನಿ" ಎಂದಳು. ಆಮೇಲೆ ತಮಾಷೆ ಬಿಟ್ಟು, "ಆಯಮ್ಮ ನಡೀಬೇಕು ಕಣ್ರೀ" ಎಂದಳು. ನಾನು ರಾತ್ರಿಯಾಗುವುದರೊಳಗೆ ನಾಲ್ಕು ಪುಟದ ಒಂದು ಭಾಷಣ ಸಿದ್ಧಪಡಿಸಿದೆ. ಕಲ್ಯಾಣ ರಾಜ್ಯ ಎಂದರೇನು ಎಂಬಲ್ಲಿಂದ ಶುರುವಾಗಿ, ತೆರಿಗೆಯ ಇತಿಹಾಸದ ಮೇಲೆ ಹಾದು, ಮೂರನೆಯ ಪುಟದ ಕೊನೆಯ ಹೊತ್ತಿಗೆ ತಾಯಮ್ಮನ ಹೆಸರು ಬರುತ್ತಿತ್ತು.

ಮುಂದಿನ ಮಂಗಳವಾರ ಅಂಗಡಿಗೆ ರಜೆ. ನಾವು ನಾಲ್ವರೂ ಕಾರ್ಡಿನ ಕಚೇರಿಯ ಮುಂದಿನ ಹೊಂಗೆ ಮರದ ಕೆಳಗೆ ಸೇರಿದೆವು. ದೋರ್ಜಿಯವರ ಕೈಯಲ್ಲಿ ನೀಲಿ ಪ್ಲಾಸ್ಟಿಕ್ಕಿನ ಫೈಲು. ಮಾದೇವನ ಪ್ರತಿಯೊಂದು ಕಾಗದಕ್ಕೂ ಮೂರು ಮೂರು ಜೆರಾಕ್ಸು ಮಾಡಿಸಿ, ಹಿಂದುಮುಂದಾಗದ ಹಾಗೆ ಜೋಡಿಸಿದ್ದರು. "ಅಸಲಿ ತೋರ್ಸಿ, ಕೊಡ್ಬ್ಯಾಡಿ. ಕೊಟ್ಟುದ್ಕೆ ಸೀಲ್ ಆಕುಸ್ಕೊಳ್ಳಿ. ತಾಯಮ್ಮನ್ ಪೋಟೋ ಬದ್ಲಾಯ್ಸಿವ್ನಿ, ಮದ್ಲುದ್ರಲ್ಲಿ ನಗ್ತಿದ್ರು. ನಕ್ರೆ ಇವ್ರ್‌ಗೇನ್ ಕಷ್ಟ ಅಂದ್ಕೋತಾರೆ" ಎಂದರು. ಬೊಮ್ಮಣ್ಣ ನನ್ನನ್ನು ಪಕ್ಕಕ್ಕೆ ಕರೆದು, ಜೇಬಿನಿಂದ ಇಣುಕುತ್ತಿದ್ದ ಭಾಷಣವನ್ನು ಬೆರಳಿನಿಂದ ತೋರಿಸಿ, "ಇದೇನ್ ಸಾ?" ಎಂದ. ಹೇಳಿದೆ. ಅವನು ತಲೆಯಾಡಿಸಿದ.

"ಬ್ಯಾಡಿ ಸಾ. ಇಷ್ಟ್ ವರ್ಸ ಕೋರ್ಟಲ್ಲಿ ನಿಂತು ನಾನ್ ಕಲ್ತದ್ದು ಒಂದೇಯ. ಕೇಳುದ್ಕೆ ಮಾತ್ರ ಏಳ್ಬೇಕು. ಏಳ್ಬುಟ್ಟು ಸುಮ್ಕಾಗ್ಬೇಕು. ನಮ್ ಲಾಯರ್ರು ಒಂದ್ ಕಿತ ಬೋ ಚಂದಾಗ್ ಮಾತಾಡುದ್ರು. ಜಡ್ಜು ಪಾಪ, ಅದ್ನೆಲ್ಲಾ ಬರ್ದು ಕೊಡಿ ಅಂದ್ರು. ಅದ್ಕೇ ಎರಡ್ ವರ್ಸ ಓಯ್ತು."

ಬೆಂಚಿನ ಮೇಲೆ ಕೂತೆವು. ಎಷ್ಟು ಹೊತ್ತು ಎಂದು ನಾನು ಮೂರು ಸಲ ಗಡಿಯಾರ ನೋಡಿದೆ. ಅವರಿಬ್ಬರೂ ಒಂದು ಸಲವೂ ನೋಡಲಿಲ್ಲ. ದೋರ್ಜಿ ಮಣಿಸರ ಎಣಿಸುತ್ತಿದ್ದರು, ಬೊಮ್ಮಣ್ಣ ಗೋಡೆಗೆ ಒರಗಿ ಅರೆಗಣ್ಣಾಗಿದ್ದ. ಕಾಯುವುದರಲ್ಲಿಯೂ ಒಂದು ಕೈಚಳಕ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ವಲಸೆಯ ನೀತಿಯನ್ನು, ನ್ಯಾಯದ ನೀತಿಯನ್ನು ನಾನು ಇವರ ಮುಂದೆ ಎಷ್ಟು ಬುಧವಾರ ವಿವರಿಸಿದ್ದೆ! ನಾನು ಪೇಪರಿನಲ್ಲಿ ಓದಿದ್ದನ್ನು ಇವರು ಕಾಲಿನ ಮೇಲೆ ನಿಂತು ಓದಿದವರು. ಒಂದು ದಿನವಾದರೂ "ಮೇಷ್ಟ್ರೇ, ನಿಮಗೆ ಗೊತ್ತಿಲ್ಲ" ಎನ್ನಲಿಲ್ಲ. ನೊರೆ ಹಚ್ಚಿದಾಗ ಕೂಡ ಅನ್ನಲಿಲ್ಲ.

ಒಳಗೆ ಕರೆದರು. ಮೇಜಿನ ಹಿಂದೆ ಕೂತಿದ್ದ ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು, ನನ್ನ ಕೊನೆಯ ಬ್ಯಾಚಿನವಳಿರಬಹುದಾದಷ್ಟು ಚಿಕ್ಕವಳು. ಎದುರಿಗೆ ಫೈಲುಗಳ ಒಂದು ಗೋಡೆಯೇ ಇತ್ತು. ಮಾದೇವನ ಕಾಗದಗಳನ್ನು ತಿರುವಿ, "ಈ ಆದಾಯ ನಿಜಾನಾ?" ಎಂದು ಕೇಳಿದರು.

"ಅಲ್ಲ" ಎಂದೆ.

"ಬರೆದವರು ಯಾರು?"

"ನಾನು."

"ನೀವೇನಾಗಬೇಕು ಇವರಿಗೆ?"

"ಮೇಷ್ಟ್ರು."

ಅವರು ತಲೆಯೆತ್ತಿ ನನ್ನನ್ನು ನೋಡಿದರು. "ಮತ್ತೆ ಯಾಕೆ ಸರ್ ಜಾಸ್ತಿ ಬರೆದ್ರಿ?"

ನಾಲ್ಕು ಪುಟದಲ್ಲಿ ಎಲ್ಲಕ್ಕೂ ಉತ್ತರವಿತ್ತು, ಇದೊಂದಕ್ಕಿರಲಿಲ್ಲ. ಬೊಮ್ಮಣ್ಣ ಬಾಗಿಲ ಹತ್ತಿರ ನಿಂತಿದ್ದ. "ಬ್ಯಾಂಕಿನವರ ಮುಂದೆ ನನ್ನ ಹುಡುಗ ದೊಡ್ಡವನಾಗಿ ಕಾಣಲಿ ಅಂತ" ಎಂದೆ. ಹೇಳಿ ಸುಮ್ಮನಾದೆ.

ಮಾದೇವ ಗೋಡೆಯ ಕಡೆ ತಿರುಗಿಕೊಂಡ. ಆ ಹೆಣ್ಣುಮಗಳು ಕಾಗದಗಳನ್ನು ಜೋಡಿಸಿಟ್ಟು, "ಇದನ್ನೇ ಬರೆದು ಸಹಿ ಮಾಡಿಕೊಡಿ. ಮನೆ ಹತ್ರ ಬಂದು ವಿಚಾರಣೆ ಮಾಡ್ತಾರೆ. ವರದಿ ಮೇಲಕ್ಕೆ ಹೋಗಬೇಕು. ಇವತ್ತೇ ಆಗುತ್ತೆ ಅಂತ ನಾನು ಹೇಳಲ್ಲ" ಎಂದರು. ಹಾಳೆಗೆಂದು ಜೇಬು ತಡಕಿದೆ. ಸಿಕ್ಕಿದ್ದು ಭಾಷಣ ಮಾತ್ರ. ಅದರ ಕೊನೆಯ ಪುಟದ ಬೆನ್ನಿನಲ್ಲಿ ಮೂರು ಸಾಲು ಬರೆದು ಸಹಿ ಹಾಕಿದೆ. ಅಷ್ಟು ಚಿಕ್ಕದಾದ, ಅಷ್ಟು ಸಲೀಸಾಗಿ ಅರ್ಥವಾಗುವ ಕನ್ನಡವನ್ನು ನಾನು ಹಿಂದೆಂದೂ ಬರೆದಿರಲಿಲ್ಲ. ಅವರು ಹಾಳೆ ತೆಗೆದುಕೊಂಡು ತಿರುವಿ ನೋಡಿದರು. ಮುಂದಿನ ಬದಿಯಲ್ಲಿ ‘ಆದ್ದರಿಂದ ಪ್ರಜಾಪ್ರಭುತ್ವದ ಮೂಲ ಆಶಯವೇನೆಂದರೆ’ ಎಂದು ಶುರುವಾಗುವ ನನ್ನ ಉಪಸಂಹಾರವಿತ್ತು. "ಸರ್, ಇದೂ ಫೈಲಿಗೆ ಸೇರಬೇಕಾ?" ಎಂದು ಕೇಳಿದರು. ಕೇಳಿದ್ದರಲ್ಲಿ ವ್ಯಂಗ್ಯವಿರಲಿಲ್ಲ, ಅದೇ ದುಃಖ. "ಬೇಡಮ್ಮ, ಹೊಡೆದುಹಾಕಿ" ಎಂದೆ. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನೇರವಾಗಿ ಒಂದು ಗೆರೆ ಎಳೆದರು. ವಿದ್ಯಾರ್ಥಿಗಳ ಉತ್ತರಪತ್ರಿಕೆಯಲ್ಲಿ ಅಂಥ ಗೆರೆಗಳನ್ನು ನಾನೂ ಸಾಕಷ್ಟು ಎಳೆದಿದ್ದೇನೆ.

ನನ್ನನ್ನು ಯಾರೂ ಒಳಗೆ ಹಾಕಲಿಲ್ಲ. ಹಾಕಿದ್ದರೆ ಒಂದು ರೀತಿ ಲೆಕ್ಕ ಚುಕ್ತಾ ಆಗುತ್ತಿತ್ತೇನೋ. ಕೆಲವು ದಿನದ ಮೇಲೆ ವಿಚಾರಣೆಗೆಂದು ಒಬ್ಬರು ಮನೆಗೆ ಬಂದರು. ತಾಯಮ್ಮ ಅವರನ್ನು ಕೂರಿಸಲು ಆ ಸ್ಟೂಲನ್ನೇ ಕೊಟ್ಟು, ತಾವು ಬಾಗಿಲ ಚೌಕಟ್ಟು ಹಿಡಿದು ನಿಂತರಂತೆ. ಬಂದವರು ಕೂರದೆ ನಿಂತೇ ಬರೆದುಕೊಂಡು ಹೋದರಂತೆ. ಆಮೇಲೆ ದಿನಗಳು ಸುಮ್ಮನೆ ಹೋದವು. ನಾನು ಎರಡು ಮಂಗಳವಾರಕ್ಕೊಮ್ಮೆ ನೀಲಿ ಫೈಲು ಹಿಡಿದು ಆ ಬೆಂಚಿನ ಮೇಲೆ ಕೂತು ಬರುತ್ತಿದ್ದೆ. ಆಸ್ಪತ್ರೆಯಲ್ಲಿ ಅವರ ಪಾಳಿ ತಪ್ಪಿತ್ತು. ಒಂದು ಮಳೆಗಾಲವನ್ನು ಪೂರ್ತಿ ಅವರು ಕೆಸರಿನಲ್ಲಿ ಸ್ಟೂಲು ತಳ್ಳಿಕೊಂಡು ಕಳೆದರು, ಅದನ್ನು ನಾನು ಯಾವ ಹೇಳಿಕೆ ಬರೆದುಕೊಟ್ಟೂ ವಾಪಸು ಪಡೆಯಲಾರೆ. ಅನರ್ಹರಿಗೆ ಕಾರ್ಡು ಇರಬಾರದು ಎಂದು ಈಗಲೂ ನನಗೆ ಅನ್ನಿಸುತ್ತದೆ. ಆ ನಿಯಮ ಮಾಡಿದವರು ತಾಯಮ್ಮನನ್ನು ನೋಡಿರಲಿಲ್ಲ. ನಾನು ದಿನಾ ನೋಡುತ್ತಿದ್ದೆ.

ಒಂದು ದಿನ ಸೊಸೈಟಿಯಲ್ಲಿ ತಾಯಮ್ಮ ಹೆಬ್ಬೆಟ್ಟು ಒತ್ತಿದಾಗ ಮಿಷನ್ನು ಒಪ್ಪಿಕೊಂಡಿತು. "ಮತ್ತೆ ಬಡವ್ಳಾದೆ ಕಣಪ್ಪ" ಎಂದು ಅವರು ಚೀಲ ಹಿಡಿದು ನಕ್ಕರಂತೆ. ಮೈಸೂರಿನಲ್ಲಿ ಹೊಸದಾಗಿ ಪಾಳಿ ಹಚ್ಚಿದರು. ಆಪರೇಷನ್ ಆಯಿತು. ಆ ವಾರವೆಲ್ಲ ಅಂಗಡಿ ಮುಚ್ಚಿತ್ತು. ನಾನು ಗಡ್ಡ ಬಿಟ್ಟುಕೊಂಡೇ ಇದ್ದೆ, ಬೇರೆ ಕಡೆ ಹೋಗಲು ಮನಸ್ಸಾಗಲಿಲ್ಲ.

ಎರಡು ತಿಂಗಳಾದ ಮೇಲೆ, ಮತ್ತೊಂದು ಬುಧವಾರ, ನಾನು ಅಂಗಡಿಯ ಮೂಲೆಯ ಮರದ ಕುರ್ಚಿಯಲ್ಲಿ ಕೂತಿದ್ದೆ. ಈಚೆಗೆ ಅದರಲ್ಲೇ ಕೂರುತ್ತೇನೆ. ದೋರ್ಜಿ ಪೇಪರು ಓದುತ್ತಿದ್ದರು. ಬೊಮ್ಮಣ್ಣನಿಗೆ ಅವತ್ತು ವಾಯಿದೆ. ತಾಯಮ್ಮ ಒಂದು ಕೋಲು ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡರು. ಸ್ಟೂಲಿರಲಿಲ್ಲ. ಮೆಟ್ಟಿಲು ಹತ್ತಿ ಒಳಗೆ ಬಂದು, "ಎಲ್ಲದು, ನನ್ನ ಸಾವ್ಕಾರ್ತಿ ಮಾಡುದ್ ಕುರ್ಚಿ?" ಎಂದರು. ಮಾದೇವ ಕೈ ಹಿಡಿದು ಹೊಸ ಕುರ್ಚಿಯಲ್ಲಿ ಕೂರಿಸಿದ. "ಏರ್ಸ್ಲಾ ನೋಡಾಣ" ಎಂದರು. ಮಾದೇವ ಕಾಲಿನಲ್ಲಿ ಒತ್ತಿದ. ಕುರ್ಚಿ ಒಂದೊಂದೇ ಅಂಗುಲ ಏರಿತು. "ಸಾಕು ನಿಲ್ಸ್ಲಾ, ಇಲ್ಲಿಂದ ಎಲ್ಲಾರೂ ಕಾಣ್ತಾರೆ" ಎಂದು ಕನ್ನಡಿಯಲ್ಲಿ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿದರು.

ಅಷ್ಟರಲ್ಲಿ ದೋರ್ಜಿ ಪೇಪರು ಮಡಿಸಿ, "ತೆರಿಗೆದು ಮತ್ತೊಂದ್ ಒಸ ರೂಲ್ಸ್ ತಂದವ್ರಂತೆ. ಏನಂತೀರಿ ಮೇಷ್ಟ್ರೇ?" ಎಂದರು. ಎಲ್ಲರೂ ನನ್ನ ಕಡೆ ತಿರುಗಿದ್ದು ಕನ್ನಡಿಯಲ್ಲಿ ಕಂಡಿತು. ನನ್ನ ಮುಖಕ್ಕೆ ಇನ್ನೂ ಏನೂ ಹಚ್ಚಿರಲಿಲ್ಲ. ಆ ರೂಲ್ಸಿನ ಬಗ್ಗೆ ನಾನು ಬೆಳಿಗ್ಗೆಯೇ ಎರಡು ಸಲ ಓದಿದ್ದೆ, ಹೇಳುವುದು ಬಹಳ ಇತ್ತು.

ಕೈ ಚಾಚಿ ಬಟ್ಟಲಿನಿಂದ ಬ್ರಷ್ಷು ತೆಗೆದುಕೊಂಡು, ನಾನೇ ಎರಡೂ ಕೆನ್ನೆಗೆ ನೊರೆ ಹಚ್ಚಿಕೊಂಡೆ.